ಹಾವುರಾಣಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ?

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ಶಾಲೆಯಲ್ಲಿ ಬೇಸಿಗೆ ರಜೆಯ ಕೆಲಸ ಕೊಟ್ಟಿದ್ದರು. ಮನೆಯ ಸುತ್ತಮುತ್ತ ಕಾಣುವ ಪ್ರಾಣಿಗಳ ಹೆಸರು ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಬೇಕು. ಜಗಲಿಯಲ್ಲಿ ಬೋರಲು ಮಲಗಿಕೊಂಡು ನಾಯಿ, ಬೆಕ್ಕು, ದನ, ಮಂಗ, ಅಳಿಲು, ನವಿಲು, ಹಲ್ಲಿ, ಓತಿಕ್ಯಾತ ಎಂದು ಬರೆದು ಮುಗಿಸಿ, "ಇನ್ನೊಂದು ಹೇಳು ಚಿಕ್ಕಿ, ಹತ್ತಾಗ್ಬೇಕು, ಒಂಬತ್ತೂ ಆಗಿಲ್ಲ" ಎಂದಳು. "ಹಾವುರಾಣಿ ಬರಿ" ಎಂದೆ. ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. "ಅದು ಹಾವಾ? ರಾಣಿನಾ?" ಎಂದು ಕೇಳಿದಳು. ಏಳು ವರ್ಷದ ಹುಡುಗಿ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು.

ಎರಡೂ ಅಲ್ಲ, ಹಾವಿನಂತೆ ನುಣುಪು ಮೈಯ, ಪುಟ್ಟ ಕಾಲುಗಳ ಹಲ್ಲಿಯ ನೆಂಟ, ತೋರಿಸುತ್ತೇನೆ ಬಾ ಎಂದು ಕೈ ಹಿಡಿದು ಸೌದೆ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದೆ. ನಾನು ಅವಳಷ್ಟಿದ್ದಾಗ ಅಲ್ಲಿ ಹೆಜ್ಜೆ ಇಟ್ಟರೆ ಸಾಕು, ದರಗಿನ ಮೇಲೆ ಸರಸರ ಸದ್ದು ಕೇಳುತ್ತಿತ್ತು. ಕಂಚಿನ ಬಣ್ಣದ ಮೈ ಒಮ್ಮೆ ಫಳಕ್ಕನೆ ಹೊಳೆದು ಎಲೆಗಳ ಅಡಿಗೆ ಮಾಯವಾಗುತ್ತಿತ್ತು. ಅರ್ಧ ಗಂಟೆ ಕೂತೆವು. ಬಿಸಿಲು ಹದವಾಗಿತ್ತು, ದರಗೂ ಇತ್ತು. ಏನೂ ಬರಲಿಲ್ಲ. ಅವಳು ಬೇಜಾರಾಗಿ ಎದ್ದು ಹೋಗಿ ಒಂಬತ್ತನೆಯ ಜಾಗದಲ್ಲಿ ಇರುವೆ ಎಂದು ಬರೆದುಕೊಂಡಳು.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಹಾವುರಾಣಿಯನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ? ಮೊದಲ ಸಲ ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ಸಲದ್ದು ಮಾತ್ರ ಎಷ್ಟು ತಡಕಾಡಿದರೂ ಸಿಗುತ್ತಿಲ್ಲ. ಹೋದ ವರ್ಷವೋ, ಐದು ವರ್ಷದ ಹಿಂದೆಯೋ, ಅಜ್ಜಿ ತೀರಿಕೊಳ್ಳುವ ಮೊದಲೋ. ಅದು ಕೊನೆಯ ಸಲ ಆಗಬಹುದು ಎಂಬ ಯೋಚನೆ ಆ ಹೊತ್ತಿಗೆ ಬರಲು ಸಾಧ್ಯವೇ ಇರಲಿಲ್ಲವಲ್ಲ. ನಮ್ಮೂರಲ್ಲಿ ಹಾವುರಾಣಿ ಕಡಿಮೆಯಾಗಿದೆ ಎಂದು ನಾನು ಹೇಳುತ್ತಿಲ್ಲ. ಅರ್ಧ ಗಂಟೆ ಕೂತು ಎದ್ದು ಬಂದವಳಿಗೆ ಹಾಗೆ ಹೇಳುವ ಹಕ್ಕಿಲ್ಲ. ನಾನು ನೋಡುವುದನ್ನು ಬಿಟ್ಟಿದ್ದೇನೆ ಎಂದಷ್ಟೇ ಹೇಳಬಲ್ಲೆ. ಆದರೆ ಹೀಗೆ ಎಲ್ಲರೂ ನೋಡುವುದನ್ನು ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಹಿಂದೂ ಮಹಾಸಾಗರದ ಒಂದು ದ್ವೀಪದ ಕಥೆ ಕೆಲವು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಅವತ್ತು ರಾತ್ರಿ ಮತ್ತೆ ಅದೇ ತಲೆಯಲ್ಲಿ ಸುತ್ತಿತು.

ಗಂಪ್

ಕ್ರಿಸ್‌ಮಸ್ ದ್ವೀಪವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಕೆಂಪು ಏಡಿಗಳ ವಿಡಿಯೋದಲ್ಲಿ. ಮೊದಲ ಮಳೆ ಬಿದ್ದೊಡನೆ ಕೋಟಿಗಟ್ಟಲೆ ಏಡಿಗಳು ಕಾಡಿನಿಂದ ಸಮುದ್ರಕ್ಕೆ ಇಳಿಯುವುದು, ರಸ್ತೆ ಪೂರ್ತಿ ಕೆಂಪಾಗುವುದು. ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿರುವ ಆ ದ್ವೀಪ ಆಸ್ಟ್ರೇಲಿಯಾಕ್ಕೆ ಸೇರಿದ್ದು. ವಿಸ್ತಾರ 135 ಚದರ ಕಿ.ಮೀ., ನಮ್ಮ ಒಂದು ಸಣ್ಣ ಹೋಬಳಿಯಷ್ಟು. ಅರ್ಧಕ್ಕಿಂತ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನ. ಉಳಿದ ಕಡೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದ ಫಾಸ್ಫೇಟ್ ಗಣಿ, ಒಂದು ಸಣ್ಣ ಬಂದರು, ಚೀನೀ, ಮಲಯ ಮತ್ತು ಯುರೋಪಿಯನ್ ಮೂಲದವರ ಒಂದು ಪುಟ್ಟ ಊರು.

ಆ ದ್ವೀಪಕ್ಕೆ ತನ್ನವೇ ಆದ ಹಲ್ಲಿ, ಹಾವುರಾಣಿಗಳಿದ್ದವು. ಕಾಡಿನ ನೆಲದ ಮೇಲೆ ಓಡಾಡುವ ಕಂದು ಬಣ್ಣದ ಒಂದು ಹಾವುರಾಣಿ, ಹೆಚ್ಚುಕಡಿಮೆ ನಮ್ಮ ಸೌದೆ ಕೊಟ್ಟಿಗೆಯದರಂತೆಯೇ. ಕಪ್ಪು ಮೈಮೇಲೆ ಬೆಣ್ಣೆ ಬಣ್ಣದ ಗೆರೆಗಳಿದ್ದು, ಬಾಲ ಮಾತ್ರ ಶಾಯಿಯಲ್ಲಿ ಅದ್ದಿ ತೆಗೆದಂತೆ ಕಡುನೀಲಿಯಾದ ಇನ್ನೊಂದು. ಮರದ ತೊಗಟೆಯಡಿ ಬದುಕುವ ಲಿಸ್ಟರ್ ಹಲ್ಲಿ. ಕಡಲ ದಂಡೆಯ ಪೊದೆಗಳಲ್ಲಿ ಮತ್ತೊಂದು ಹಾವುರಾಣಿ. ಇವಲ್ಲದೆ ದೊಡ್ಡ ಜಾತಿಯ ಒಂದು ಹಲ್ಲಿ, ಎರೆಹುಳುವಿನಂಥ ಒಂದು ಕುರುಡುಹಾವು. ನೆಲದ ಮೇಲಿನ ಸರೀಸೃಪಗಳು ಒಟ್ಟು ಆರೇ ಜಾತಿ. ಅವುಗಳಲ್ಲಿ ಐದು ಅಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. 1887ರಲ್ಲಿ ಎಜೀರಿಯಾ ಎಂಬ ಬ್ರಿಟಿಷ್ ಹಡಗು ಅಲ್ಲಿಗೆ ಹೋಗಿತ್ತು. ಅದರಲ್ಲಿದ್ದ ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬ ಪ್ರಾಣಿಶಾಸ್ತ್ರಜ್ಞ ಜೀವಿಗಳನ್ನು ಸಂಗ್ರಹಿಸಿ ತಂದಿದ್ದ. ಹಲ್ಲಿಗೆ ಅವನ ಹೆಸರು ಬಂತು, ನೀಲಿ ಬಾಲದ್ದಕ್ಕೆ ಹಡಗಿನ ಹೆಸರು. ಕಾಡಿನ ಹಾವುರಾಣಿಯ ವೈಜ್ಞಾನಿಕ ಹೆಸರಿನಲ್ಲಿ ಕ್ರಿಸ್ತನ ಹುಟ್ಟನ್ನು ಸೂಚಿಸುವ ಲ್ಯಾಟಿನ್ ಪದವಿದೆ. ಹುಟ್ಟಿನ ಹೆಸರು ಹೊತ್ತ ಆ ಜೀವಿ ನಮ್ಮ ಕಣ್ಣೆದುರೇ ಇಲ್ಲವಾಯಿತು.

ಕೊನೆಯದಾಗಿ ಉಳಿದವಳ ಹೆಸರು ಗಂಪ್. ಹೌದು, ಹೆಣ್ಣು. 2009ರಿಂದ ಆಚೆಗೆ ಹುಡುಕಿ ಹುಡುಕಿ ಹಿಡಿಯಲು ಸಿಕ್ಕಿದ್ದು ಮೂರೇ ಮೂರು. ಮೂರೂ ಹೆಣ್ಣು. ಒಂದೊಂದಾಗಿ ಸತ್ತು ಕೊನೆಗೆ ಅವಳೊಬ್ಬಳು ಉಳಿದಳು. ದ್ವೀಪದ ಉದ್ಯಾನದ ಸಿಬ್ಬಂದಿ ಅವಳಿಗೊಂದು ಗಂಡು ಸಿಗಬಹುದೆಂದು ಕಾಡೆಲ್ಲ ಜಾಲಾಡಿದರು. ಬಿದ್ದ ಮರಗಳ ಕೆಳಗೆ, ಬಿಸಿಲು ಬೀಳುವ ಬಯಲುಗಳಲ್ಲಿ, ಒಂದು ಕಾಲಕ್ಕೆ ಇವು ಹತ್ತಾರು ಒಟ್ಟಿಗೆ ಮೈ ಕಾಯಿಸುತ್ತಿದ್ದ ಜಾಗಗಳಲ್ಲೆಲ್ಲ ಹುಡುಕಿದರು. ಸಿಗಲಿಲ್ಲ. 2014ರ ಮೇ 31ರಂದು ಗಂಪ್ ಸತ್ತಳು. 2017ರಲ್ಲಿ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಆ ಜಾತಿಯ ಎದುರು 'ಅಳಿದಿದೆ' ಎಂದು ಬರೆದರು.

ಆ ಸುದ್ದಿ ಓದಿದ ದಿನ ನಾನು ಬೆಂಗಳೂರಿನ ಬಸ್ಸಿನಲ್ಲಿದ್ದೆ. ಜೊತೆಗೊಂದು ಸಣ್ಣ ಚಿತ್ರವಿತ್ತು. ಕಂದು ಮೈ, ಮಿನುಗುವ ಹುರುಪೆ, ತುಸು ಎತ್ತಿದ ತಲೆ. ಅದೇ ಭಂಗಿ. ನಮ್ಮನೆ ಜಗಲಿಯ ಮೆಟ್ಟಿಲ ಮೇಲೆ ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ ಕೂರುತ್ತಿದ್ದ ಅದೇ ಭಂಗಿ. ಘೇಂಡಾಮೃಗ, ಹುಲಿಗಳ ಬಗ್ಗೆ ಓದಿದಾಗ ಆಗದ ಒಂದು ಸಂಕಟ ಅವತ್ತು ಆಯಿತು. ಘೇಂಡಾಮೃಗ ನಮ್ಮ ಅಂಗಳಕ್ಕೆ ಎಂದೂ ಬಂದದ್ದಲ್ಲ. ಇದು ಬಂದದ್ದು.

ಬಾಲ ಕೊಟ್ಟು ಉಳಿದದ್ದು

ಮೊದಲ ಸಲ ನೋಡಿದ್ದು ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನನಗಾಗ ಆರೋ ಏಳೋ. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಬೆಕ್ಕು ಅಂಗಳದಿಂದ ಏನನ್ನೋ ಅಟ್ಟಿಸಿಕೊಂಡು ಬಂದು ಕಾವಿ ನೆಲದ ಮೇಲೆ ಪಂಜ ಹಾಕಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾವುರಾಣಿ ಕಂಬದ ಹಿಂದಿನ ಬಿರುಕಿಗೆ ನುಗ್ಗಿತ್ತು. ಬೆಕ್ಕಿನ ಮುಂದೆ ಬಾಲ ಮಾತ್ರ ಉಳಿದು ವಿಲವಿಲ ಒದ್ದಾಡುತ್ತಿತ್ತು. ಕೆಂಪು ನೆಲದ ಮೇಲೆ ಕೆಂಪು ಬಾಲ. ಮರಿ ಇರಬೇಕು, ಕೆಲವು ಜಾತಿಯ ಮರಿಗಳಿಗೆ ಬಾಲ ಕೆಂಪಗಿರುತ್ತದೆ. ಬೆಕ್ಕು ಆ ಬಾಲವನ್ನೇ ಪ್ರಾಣಿಯೆಂದು ತಿಳಿದು ಅದರ ಸುತ್ತ ಕುಣಿಯುತ್ತಿತ್ತು. ನಾನು ಹೆದರಿ ಅಳತೊಡಗಿದೆ. ಅಜ್ಜಿ ಅಡಿಕೆಕತ್ತರಿ ಕೆಳಗಿಟ್ಟು, "ಅಳ್ಬೇಡ, ಬಾಲ ಕೊಟ್ಟು ಜೀವ ಉಳಿಸ್ಕೊಂಡ್ತು. ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಬಾಲ ಬರ್ತದೆ ನೋಡು" ಎಂದರು.

ಅಜ್ಜಿಯೇ ಇನ್ನೊಂದೂ ಹೇಳುತ್ತಿದ್ದರು. ಹಾವುರಾಣಿ ಕಚ್ಚಿದರೆ ಮನುಷ್ಯ ಬದುಕುವುದಿಲ್ಲವಂತೆ. ಆದರೆ ಅದಕ್ಕೆ ಮರೆವು ಜಾಸ್ತಿಯಂತೆ. ಕಚ್ಚಬೇಕು ಎಂದು ಹೊರಟು, ಅರ್ಧ ದಾರಿಗೆ ಬರುವಷ್ಟರಲ್ಲಿ ಯಾಕೆ ಬಂದೆ ಎಂಬುದು ಮರೆತು ಹಿಂದಕ್ಕೆ ಹೋಗುತ್ತದಂತೆ. ಅದಕ್ಕೆ ವಿಷವೇ ಇಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆದರೂ ಆ ಕಥೆಯನ್ನು ನಾನು ಪ್ರೀತಿಯಿಂದಲೇ ನೆನೆಯುತ್ತೇನೆ. ಹೆದರಿಕೆಯನ್ನೂ ಅಭಯವನ್ನೂ ಒಂದೇ ಉಸಿರಿನಲ್ಲಿ ಕೊಟ್ಟ ಕಥೆ ಅದು. ಅದನ್ನು ಕೇಳಿ ಬೆಳೆದ ನಾವ್ಯಾರೂ ಹಾವುರಾಣಿಗೆ ಕಲ್ಲು ಹೊಡೆದವರಲ್ಲ.

ಕ್ರಿಸ್‌ಮಸ್ ದ್ವೀಪದ ಪುಟಾಣಿಯ ನೀಲಿ ಬಾಲವೂ ಇದೇ ಉಪಾಯ. ಹಿಡಿಯಲು ಬಂದವರ ಕಣ್ಣು ಮೊದಲು ಬಾಲದ ಮೇಲೆ ಬೀಳಲಿ, ಹೋದರೆ ಬಾಲ ಹೋಗಲಿ ಎಂಬ ಏರ್ಪಾಡು. ಬಿಸಿಲಲ್ಲಿ, ಕಣ್ಣಿನಿಂದ ಬೇಟೆಯಾಡುವ ಹಕ್ಕಿಯ ಎದುರು ನಡೆಯುವ ಏರ್ಪಾಡು. ಆ ದ್ವೀಪಕ್ಕೆ ಆಮೇಲೆ ಬಂದ ವೈರಿ ಕತ್ತಲಲ್ಲಿ, ಮಲಗಿದ್ದವುಗಳನ್ನು ಹುಡುಕಿಕೊಂಡು ಬರುವಂಥದು. ಕತ್ತಲಲ್ಲಿ ನೀಲಿ ಏನು, ಕೆಂಪು ಏನು.

ಉಗ್ರಾಣದಲ್ಲಿ ಸಿಕ್ಕ ಹಾವು

ಇಲ್ಲಿ ನನ್ನದೇ ಮನೆಯ ಇನ್ನೊಂದು ನೆನಪು ಹೇಳಬೇಕು, ಸಂತೋಷದ್ದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಉಗ್ರಾಣದಲ್ಲಿ ಅಕ್ಕಿ ತೆಗೆಯಲು ಹೋದ ಅಮ್ಮ ಕೂಗಿಕೊಂಡರು. ಗೋಡೆ ಮೂಲೆಯಲ್ಲಿ ತೆಳ್ಳನೆಯ ಕಂದು ಹಾವು, ಮೈಮೇಲೆ ಬಿಳಿ ಪಟ್ಟೆ. "ಕಡಂಬಳ!" ಎಂದರು ದೊಡ್ಡಪ್ಪ. ಕಡಂಬಳ ಎಂದರೆ ಕಟ್ಟುಹಾವು, ರಾತ್ರಿ ಮಲಗಿದವರನ್ನು ಕಚ್ಚಿ ಎದ್ದೇಳದಂತೆ ಮಾಡುವ ಹಾವು. ಮನೆ ತುಂಬ ಮಕ್ಕಳು. ದೊಡ್ಡಪ್ಪ ಎರಡನೆಯ ಯೋಚನೆ ಮಾಡಲಿಲ್ಲ. ದೊಣ್ಣೆ ಬಿತ್ತು. ಬ್ಯಾಟರಿ ಬೆಳಕು ಹಾಕಿ ನೋಡಿದರೆ ಅದರ ಬಾಯಿಯಿಂದ ಅರ್ಧ ನುಂಗಿದ ಹಲ್ಲಿಯೊಂದರ ಹಿಂಗಾಲು, ಬಾಲ ಹೊರಗೆ ನೇತಾಡುತ್ತಿತ್ತು. ಬಹಳ ವರ್ಷಗಳ ನಂತರ ಹಾವುಗಳ ಬಗ್ಗೆ ಸ್ವಲ್ಪ ತಿಳಿದುಕೊಂಡ ಮೇಲೆ ಆ ಪಟ್ಟೆಗಳು ನೆನಪಾದವು. ಕುತ್ತಿಗೆಯ ಹತ್ತಿರ ಎದ್ದು ಕಾಣುತ್ತಿದ್ದವು, ಬಾಲದ ಕಡೆ ಹೋಗುತ್ತ ಮಾಸಿದ್ದವು. ಕಟ್ಟುಹಾವಿನದು ಇದಕ್ಕೆ ತಿರುಗುಮುರುಗು, ಬಾಲದ ಕಡೆಗೇ ಪಟ್ಟೆ ಸ್ಪಷ್ಟ. ನಮ್ಮ ಉಗ್ರಾಣಕ್ಕೆ ಬಂದಿದ್ದದ್ದು ತೋಳಹಾವು. ವಿಷವಿಲ್ಲದ, ಗೋಡೆ ಸಂದಿಯಲ್ಲಿ ಹಲ್ಲಿ ಹುಡುಕಿಕೊಂಡು ಮನೆಯೊಳಗೆ ಬರುವ ಪಾಪದ ಹಾವು. ದೊಡ್ಡಪ್ಪನನ್ನು ನಾನು ದೂರುವುದಿಲ್ಲ. ಮಕ್ಕಳಿದ್ದ ಮನೆ, ರಾತ್ರಿ ಹೊತ್ತು.

ಇದೇ ತೋಳಹಾವಿನ ಆಗ್ನೇಯ ಏಷ್ಯಾದ ಹತ್ತಿರದ ನೆಂಟ ಕ್ರಿಸ್‌ಮಸ್ ದ್ವೀಪಕ್ಕೆ ಬಂದಿಳಿಯಿತು. ಹಿಂದೆ ಎರಡನ್ನೂ ಒಂದೇ ಜಾತಿಯೆಂದು ಎಣಿಸುತ್ತಿದ್ದರು. 1987ರ ಸುಮಾರಿಗೆ ಹಡಗಿನ ಸರಕಿನಲ್ಲಿ ಅಡಗಿ ಬಂದಿರಬೇಕು. ಬೇಕೆಂದು ಯಾರೂ ತಂದದ್ದಲ್ಲ. ಅಲ್ಲಿಯ ಹಲ್ಲಿ, ಹಾವುರಾಣಿಗಳಿಗೆ ಇಂಥ ಒಂದು ಪ್ರಾಣಿ ಇದೆ ಎಂಬುದೇ ಗೊತ್ತಿರಲಿಲ್ಲ. ಮಣ್ಣಿನಡಿಯ ಆ ಕುರುಡುಹಾವು ಬಿಟ್ಟರೆ ನೆಲದ ಮೇಲೆ ಹಾವನ್ನೇ ಕಾಣದೆ ಬೆಳೆದ ವಂಶ. ಹೆದರುವುದಕ್ಕೂ ಕಲಿಯಬೇಕಾಗುತ್ತದೆ, ಅದಕ್ಕೆ ಒಂದು ಜನ್ಮ ಸಾಲದು. ನಮ್ಮ ಗೋಡೆಯ ಹಲ್ಲಿಗೂ ತೋಳಹಾವಿಗೂ ಲಕ್ಷಾಂತರ ವರ್ಷಗಳ ಹಗೆ ಇದೆ. ಹಾವು ಕಲಿತಷ್ಟೂ ಹಲ್ಲಿಯೂ ಕಲಿತಿದೆ. ಆದ್ದರಿಂದಲೇ ನಮ್ಮ ಉಗ್ರಾಣದಲ್ಲಿ ಹಾವು ಬಂದು ಹೋದರೂ ಹಲ್ಲಿಗಳು ಇದ್ದೇ ಇದ್ದವು. ಕ್ರಿಸ್‌ಮಸ್ ದ್ವೀಪದಲ್ಲೂ ಮನುಷ್ಯನ ಜೊತೆ ಹೊರಗಿನಿಂದ ಹೋಗಿ ಸೇರಿದ ಏಷ್ಯಾದ ಮನೆಹಲ್ಲಿ ಇವತ್ತಿಗೂ ಆರಾಮಾಗಿದೆ. ಅಳಿದದ್ದು ಮೂಲನಿವಾಸಿಗಳು.

ಅದೊಂದೇ ಕಾರಣ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಹಳದಿ ಹುಚ್ಚಿರುವೆ ಎಂದು ಕರೆಯುವ ಹೊರಗಿನ ಇರುವೆಯೊಂದು 1990ರ ದಶಕದ ಕೊನೆಗೆ ಅಲ್ಲಿ ಮಿತಿಮೀರಿ ಹೆಚ್ಚಿ ಕೋಟಿಗಟ್ಟಲೆ ಕೆಂಪು ಏಡಿಗಳನ್ನೇ ಕೊಂದಿತ್ತು. ದೈತ್ಯ ಜರಿಗಳಿವೆ, ಬೆಕ್ಕುಗಳಿವೆ, ಕಪ್ಪು ಇಲಿಗಳಿವೆ. ಆದರೆ ಹಲ್ಲಿಗಳು ಕಾಣೆಯಾದದ್ದು ಬಂದರು, ಊರು ಇರುವ ಈಶಾನ್ಯ ಮೂಲೆಯಿಂದ ಶುರುವಾಗಿ, ಅಲೆಯಂತೆ ಪಶ್ಚಿಮದ ತುದಿಯವರೆಗೆ. ಹೊಸದಾಗಿ ಬಂದ ಹಾವೊಂದು ಹರಡುವ ದಾರಿಯೂ ಅದೇ. ಹಾಗಾಗಿ ವಿಜ್ಞಾನಿಗಳ ಬೆರಳು ಮೊದಲು ಹೋಗುವುದು ತೋಳಹಾವಿನ ಕಡೆಗೇ. ಹಾವಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಹಸಿವಿಗೆ ತಿಂದಿತು. ನನ್ನ ಮನಸ್ಸಿಗೆ ಚುಚ್ಚುವುದು ಹಾವು ಬಂದಿಳಿದದ್ದಕ್ಕೂ ಹಲ್ಲಿಗಳಿಲ್ಲ ಎಂದು ಜಗತ್ತಿಗೆ ಗೊತ್ತಾದದ್ದಕ್ಕೂ ನಡುವೆ ಕಳೆದುಹೋದ ಸುಮಾರು ಇಪ್ಪತ್ತು ವರ್ಷ.

ಎಣಿಸದೆ ಬಿಟ್ಟವು

1979ರಲ್ಲಿ ಹ್ಯಾರಲ್ಡ್ ಕಾಗರ್ ಮತ್ತು ರಾಸ್ ಸ್ಯಾಡ್ಲಿಯರ್ ಎಂಬ ಆಸ್ಟ್ರೇಲಿಯಾದ ಇಬ್ಬರು ಸರೀಸೃಪ ತಜ್ಞರು ಆ ದ್ವೀಪದಲ್ಲಿ ಸಮೀಕ್ಷೆ ಮಾಡಿದ್ದರು. ಆಗ ಹಲ್ಲಿ, ಹಾವುರಾಣಿಗಳು ಧಾರಾಳವಾಗಿದ್ದವು. ನೀಲಿ ಬಾಲದ ಹಾವುರಾಣಿಯಂತೂ ಊರಿನ ಮನೆಗಳ ಹಿತ್ತಲಲ್ಲೇ ಓಡಾಡಿಕೊಂಡಿತ್ತು. ಆ ಕಾಲದಲ್ಲಿ ಯಾರಾದರೂ ಇವಕ್ಕೆ ರಕ್ಷಣೆ ಬೇಕು ಎಂದು ಅರ್ಜಿ ಹಾಕಿದ್ದರೆ ಕೇಳುವವರಿರಲಿಲ್ಲ. ಕೇಳದಿದ್ದದ್ದು ತಪ್ಪು ಎಂದೂ ಹೇಳಲಾಗದು. ಹಿತ್ತಲಲ್ಲಿ ಕಾಲಿಗೆ ಸಿಗುವಷ್ಟು ಇರುವುದನ್ನು ಉಳಿಸುವುದೇನು ಬಂತು?

ನಾನು ಸುತ್ತಿ ಸುತ್ತಿ ಬಂದು ಎಡವುವುದು ಈ ಜಾಗದಲ್ಲೇ. ಅಪರೂಪದ್ದನ್ನು ನಾವು ನೋಡುತ್ತೇವೆ. ಹುಲಿಯ ಹೆಜ್ಜೆ ಕಂಡರೆ ಊರೆಲ್ಲ ಸುದ್ದಿ. ಎಲ್ಲೆಲ್ಲೂ ಇರುವುದನ್ನು ಯಾರೂ ನೋಡುವುದಿಲ್ಲ, ಅದು ಕಣ್ಣಿನ ಅಂಚಿನಲ್ಲಿ ಇರುತ್ತದೆ ಅಷ್ಟೆ. ನೂರು ಇದ್ದದ್ದು ಎಂಬತ್ತಾದಾಗ, ಐವತ್ತಾದಾಗ ಹಿತ್ತಲಿನ ಮನುಷ್ಯನಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಏಕೆಂದರೆ ಅವನು ನೂರನ್ನೂ ಎಣಿಸಿರಲಿಲ್ಲ. ಐದಾದಾಗ "ಈಚೆಗೆ ಕಾಣಿಸ್ತಿಲ್ಲ ಅಲ್ವಾ" ಎನ್ನುತ್ತಾನೆ. ಅದಕ್ಕೆ ಅಪರೂಪ ಎಂಬ ಪಟ್ಟ ಸಿಕ್ಕಿ, ಸಭೆ ಕೂತು, ಹಣ ಮಂಜೂರಾಗುವ ಹೊತ್ತಿಗೆ ಮೂರು ಹೆಣ್ಣು ಉಳಿದಿರುತ್ತವೆ. ಮುಂದಿನ ಪೀಳಿಗೆಯ ಮಕ್ಕಳಿಗಂತೂ ಇಲ್ಲದಿರುವುದೇ ಸಹಜ. ಅಕ್ಕನ ಮಗಳಿಗೆ ಹಾವುರಾಣಿ ಕಳೆದುಹೋಗಿಲ್ಲ, ಅವಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಸಭೆ ಕೂತು ಎಂದೆ. ಅದೂ ಆ ದ್ವೀಪದಲ್ಲೇ ನಡೆದದ್ದು. ಅಲ್ಲಿ ಮೂರು ಗ್ರಾಂ ತೂಕದ ಒಂದು ಪುಟ್ಟ ಬಾವಲಿ ಇತ್ತು. ಅದು ಕುಸಿಯುತ್ತಿದೆ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಹೇಳಿದರು. ಹಿಡಿದು ಸಾಕಲು ಸರ್ಕಾರದ ಅನುಮತಿ ಸಿಕ್ಕಿದ್ದು 2009ರ ಮಧ್ಯದಲ್ಲಿ. ಬಲೆ ಹಿಡಿದು ಹೋದವರಿಗೆ ಕಾಡಿನಲ್ಲಿ ಕೇಳಿಸಿದ್ದು ಒಂದೇ ಒಂದು ಬಾವಲಿಯ ಸದ್ದು, ಅದೂ ಮನುಷ್ಯನ ಕಿವಿಗೆ ಕೇಳದ, ಯಂತ್ರದಲ್ಲಿ ಹಿಡಿಯುವ ಸದ್ದು. 2009ರ ಆಗಸ್ಟ್ 26ರ ರಾತ್ರಿ ಅದು ಯಂತ್ರದಲ್ಲಿ ದಾಖಲಾಯಿತು. ಮರುದಿನ ರಾತ್ರಿ ಇಲ್ಲ. ಆಮೇಲೆ ಎಂದೂ ಇಲ್ಲ. ಆ ರಾತ್ರಿಗಳಲ್ಲಿ ಯಂತ್ರದ ಮುಂದೆ ಕೂತಿದ್ದವರನ್ನು ನಾನು ಆಗಾಗ ನೆನೆಯುತ್ತೇನೆ. ಒಂದು ಜಾತಿಯ ಕೊನೆಯ ಮಾತನ್ನು ಕೇಳಿಸಿಕೊಂಡು, ಮತ್ತೆ ಬರುತ್ತದೇನೋ ಎಂದು ಬೆಳಗಿನವರೆಗೂ ಕಾದು ಕೂತದ್ದು ಹೇಗಿದ್ದಿರಬಹುದು.

ಆ ಪೆಟ್ಟು ಬಿದ್ದದ್ದರಿಂದಲೋ ಏನೋ, ಹಲ್ಲಿಗಳ ವಿಷಯದಲ್ಲಿ ತಡ ಮಾಡಲಿಲ್ಲ. ಅದೇ 2009ರಲ್ಲಿ ದ್ವೀಪದ ದೂರದ ಮೂಲೆಗಳಲ್ಲಿ ಇನ್ನೂ ಉಳಿದಿದ್ದವನ್ನು ಹಿಡಿಯಲು ಶುರು ಮಾಡಿದರು. ನೀಲಿ ಬಾಲದವು 66 ಸಿಕ್ಕವು, ಲಿಸ್ಟರ್ ಹಲ್ಲಿಗಳು 43. ಕಾಡಿನ ಹಾವುರಾಣಿಯ ಲೆಕ್ಕ ಆಗಲೇ ಹೇಳಿದೆ. ಹಿಡಿದ ಕೆಲವೇ ವರ್ಷಗಳಲ್ಲಿ ಕಾಡಿನಲ್ಲಿ ಈ ಎರಡೂ ಕಾಣುವುದು ನಿಂತೇಹೋಯಿತು. ಇನ್ನೊಂದು ವರ್ಷ ಮೀನಮೇಷ ಎಣಿಸಿದ್ದರೆ ಇವೂ ಗಂಪ್‌ಳ ಹಾದಿ ಹಿಡಿಯುತ್ತಿದ್ದವು. ಇವತ್ತು ಬದುಕಿರುವ ಒಂದೊಂದು ನೀಲಿ ಬಾಲವೂ ಆ 66ರ ಸಂತಾನ.

ಸಾಕುವವರ ಕೈ

ಹಿಡಿದು ತಂದು ಪಂಜರದಲ್ಲಿಟ್ಟರೆ ಉಳಿಸಿದಂತಾಯಿತೇ ಎಂದು ನನ್ನ ಸ್ನೇಹಿತರೊಬ್ಬರು ಕೇಳಿದ್ದರು. ಆ ಪ್ರಶ್ನೆ ಸಣ್ಣದಲ್ಲ. ದ್ವೀಪದಲ್ಲೇ ಒಂದು ಸಾಕಣೆ ಕೇಂದ್ರ ಮಾಡಿದರು. ಎಲ್ಲ ಒಂದೇ ಕಡೆ ಇದ್ದರೆ ಒಂದು ಬಿರುಗಾಳಿಗೋ ರೋಗಕ್ಕೋ ಎಲ್ಲ ಹೋದೀತು ಎಂದು 2011ರಲ್ಲಿ ಕೆಲವನ್ನು ಸಿಡ್ನಿಯ ಟರೋಂಗಾ ಮೃಗಾಲಯಕ್ಕೆ ಕಳಿಸಿದರು. ಕಿರುಬೆರಳಿನಷ್ಟು ಮೈಯಿನ ಪ್ರಾಣಿಗೆ ಹುಳ ಹುಪ್ಪಟೆ ಹಿಡಿದು ತಿನ್ನಿಸುವುದು, ಅದರ ಕಾಳಿನಂಥ ಮೊಟ್ಟೆ ಕಾಯುವುದು, ಯಾವುದರ ಮಗ ಯಾವುದರ ಮಗಳ ಜೊತೆ ಸೇರಬಾರದು ಎಂದು ವಂಶಾವಳಿ ಬರೆಯುವುದು. ನಮ್ಮಲ್ಲಿ ಸಂಬಂಧ ಕೂಡಿಸುವಾಗ ಗೋತ್ರ ನೋಡಿದಂತೆ, ಅದಕ್ಕಿಂತ ಹೆಚ್ಚಿನ ಎಚ್ಚರದಿಂದ. ಎರಡೂ ಜಾತಿ ನಿಧಾನಕ್ಕೆ ಹೆಚ್ಚಿದವು, ನೂರುಗಳಾದವು, ಸಾವಿರ ದಾಟಿದವು.

ಅಷ್ಟರಲ್ಲಿ ಇನ್ನೊಂದು ಕಾಟ. 2014ರಲ್ಲಿ ಸಾಕಣೆಯ ಹಲ್ಲಿಗಳ ಮುಖ ಊದಿಕೊಳ್ಳತೊಡಗಿತು. ತಲೆ, ದವಡೆ ವಿಕಾರವಾಗಿ, ಮೈಯೆಲ್ಲ ಹರಡಿ ಸಾಯುತ್ತಿದ್ದವು. ಹಿಂದೆಂದೂ ಯಾರೂ ಕಂಡಿರದ ಒಂದು ಬ್ಯಾಕ್ಟೀರಿಯಾ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಗುರುತಿಸಿ, ಹಲ್ಲಿಯನ್ನು ವಿರೂಪ ಮಾಡುವಂಥದು ಎಂಬ ಅರ್ಥದ ಹೆಸರಿಟ್ಟರು, ಆಂಟಿಬಯಾಟಿಕ್ ಕೊಟ್ಟು ನೋಡಿದರು. ಆ ರೋಗವನ್ನು ಹೊತ್ತು ಕೇಂದ್ರದ ಸುತ್ತ ತಿರುಗುತ್ತಿದ್ದದ್ದು ಹೊರಗಿನಿಂದ ಬಂದ ಹಲ್ಲಿಗಳು. ಅವುಗಳಲ್ಲಿ ಒಂದು ಆ ಏಷ್ಯಾದ ಮನೆಹಲ್ಲಿ. ನಮ್ಮ ಅಡುಗೆಮನೆ ಟ್ಯೂಬ್‌ಲೈಟಿನ ಹಿಂದೆ ಕೂತು ಲೊಚಗುಟ್ಟುವುದೂ ಅದೇ ಜಾತಿ. ನಾವು ಆಡಿದ ಮಾತಿಗೆ ಅದು ಲೊಚಗುಟ್ಟಿದರೆ ಅಮ್ಮ "ಸತ್ಯ ಸತ್ಯ" ಎಂದು ನೆಲ ಕುಟ್ಟುತ್ತಾರಲ್ಲ, ಅದೇ ಹಲ್ಲಿ. ಇಲ್ಲಿ ಮನೆಯವರಂತೆ ಇರುವುದು ಅಲ್ಲಿ ರೋಗ ತರುವ ಪರಕೀಯ. ಒಂದು ಜೀವಿಯನ್ನು ಒಳ್ಳೆಯದು ಕೆಟ್ಟದು ಎನ್ನಲು ಆಗುವುದಿಲ್ಲ, ಎಲ್ಲಿದೆ ಎಂದಷ್ಟೇ ಕೇಳಬಹುದು ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಕಾಡಿಗೆ ವಾಪಸ್ ಬಿಡುವ ಪ್ರಯತ್ನವೂ ನಡೆಯಿತು. ದ್ವೀಪದಲ್ಲೇ ಹಾವು ಹತ್ತದಂತೆ ಬೇಲಿ ಕಟ್ಟಿ ಒಳಗೆ ನೀಲಿ ಬಾಲದವನ್ನು ಬಿಟ್ಟರು. ಹಾವೇನೋ ಬರಲಿಲ್ಲ, ಬೇಲಿಯೊಳಗೇ ಇದ್ದ ದೈತ್ಯ ಜರಿಗಳು ತಿಂದವು. ಎಷ್ಟು ಜಾಗ್ರತೆ ಮಾಡಿದರೂ ಒಂದು ಬಿರುಕು ಉಳಿದೇ ಉಳಿಯುತ್ತದೆ. ಅಲ್ಲಿಗೆ ಕೈಚೆಲ್ಲಿ ಕೂತಿದ್ದರೆ ಕೇಳುವವರಾರೂ ಇರಲಿಲ್ಲ. ಅವರು ಕೂರಲಿಲ್ಲ. ಪಶ್ಚಿಮಕ್ಕೆ ಸಾವಿರ ಕಿ.ಮೀ.ಗೆ ಹತ್ತಿರದಲ್ಲಿ ಕೋಕೋಸ್ ಎಂಬ ಹವಳದ ದ್ವೀಪಗಳ ಗುಂಪಿದೆ. ಅಲ್ಲಿ ತೋಳಹಾವಿಲ್ಲ. ಪುಲು ಬ್ಲಾನ್ ಎಂಬ, ಎಕರೆ ಲೆಕ್ಕದಲ್ಲಿ ಹೇಳಿದರೆ ಐದು ಎಕರೆಯಷ್ಟಿರುವ ಒಂದು ಚೂರು ನೆಲ. ನಮ್ಮ ಅಡಿಕೆ ತೋಟ ಅದಕ್ಕಿಂತ ಸ್ವಲ್ಪ ಚಿಕ್ಕದು. ಈ ಸಲ ಮೊದಲು ಅಲ್ಲಿನ ಜರಿಗಳನ್ನು ಹುಡುಕಿ ಹುಡುಕಿ ತೆಗೆದರು. 2019ರ ಸೆಪ್ಟೆಂಬರ್‌ನಲ್ಲಿ 300 ನೀಲಿ ಬಾಲದವನ್ನು ವಿಮಾನದಲ್ಲಿ ಒಯ್ದು ಅಲ್ಲಿ ಬಿಟ್ಟರು. ಮರುವರ್ಷ ಪಕ್ಕದ ಪುಲು ಬ್ಲಾನ್ ಮಡಾರ್ ಎಂಬ ಇನ್ನೊಂದು ಚೂರಿನಲ್ಲಿ ಬಿಟ್ಟರು. ಅಲ್ಲಿ ಅವು ಮೊಟ್ಟೆಯಿಟ್ಟು ಹೆಚ್ಚಿದವು. ಹತ್ತು ವರ್ಷ ಪಂಜರದಲ್ಲೇ ಉಳಿದ ಒಂದು ವಂಶದ ಮರಿಗಳು ಮೊದಲ ಸಲ ಆಕಾಶದ ಕೆಳಗೆ, ಯಾರೂ ಹುಳ ತಂದುಕೊಡದ ನೆಲದಲ್ಲಿ ಮೊಟ್ಟೆಯಿಂದ ಹೊರಬಂದವು.

ಅದು ಅವುಗಳ ಊರಲ್ಲ ಎಂಬುದು ನಿಜ. ತೋಳಹಾವನ್ನು ಇಡೀ ಕಾಡಿನಿಂದ ತೆಗೆಯುವ ದಾರಿ ಸಿಗುವವರೆಗೆ ಕ್ರಿಸ್‌ಮಸ್ ದ್ವೀಪಕ್ಕೆ ಅವು ಮರಳಲಾರವು. ಮುಳುಗಡೆಯಲ್ಲಿ ಊರು ಬಿಟ್ಟು ಬಂದ ಕುಟುಂಬಗಳ ನಡುವೆ ಬೆಳೆದವಳು ನಾನು. ಶರಾವತಿಯ ನೀರಿನಡಿ ಮನೆ, ಗದ್ದೆ ಬಿಟ್ಟು ಬಂದವರು ಹೊಸ ಜಾಗದಲ್ಲಿ ಬದುಕಿದರು, ಮಕ್ಕಳನ್ನು ಓದಿಸಿದರು, ಆದರೂ ಮಾತಿಗೆ ಕೂತರೆ "ನಮ್ಮೂರಲ್ಲಿ" ಎಂದು ಶುರು ಮಾಡುವುದು ಹಳೆಯ ಊರಿನ ಬಗ್ಗೆಯೇ. ಹಾವುರಾಣಿಗೆ ಅಂಥ ನೆನಪು ಇರುತ್ತದೋ ಇಲ್ಲವೋ. ಅಜ್ಜಿಯ ಪ್ರಕಾರ ಅದಕ್ಕೆ ಮರೆವೇ ಜಾಸ್ತಿ. ಇದ್ದರೂ ಬದುಕಿರುವುದು ದೊಡ್ಡದು ಎಂದೇ ನನ್ನ ಪಕ್ಷಪಾತ. ಹೋಗಲು ಊರಿಲ್ಲದಿದ್ದರೂ ಹೋಗಬೇಕಾದವರು ಇರಬೇಕಲ್ಲ. ಕಾಡಿನ ಹಾವುರಾಣಿಯ ವಿಷಯದಲ್ಲಿ ಅದೂ ಉಳಿದಿಲ್ಲ. ನಾಳೆ ಆ ದ್ವೀಪದಲ್ಲಿ ಒಂದೂ ಹಾವಿಲ್ಲದಂತಾದರೂ ಅಲ್ಲಿಗೆ ಮರಳುವವರು ಯಾರೂ ಇಲ್ಲ.

ಕ್ಯಾಲೆಂಡರ್

ಊರಿಂದ ಹೊರಡುವ ಮುಂಚೆ ಅಮ್ಮನ ಹತ್ತಿರ ಈ ಕಥೆಯನ್ನೆಲ್ಲ ಹೇಳಿದೆ. ಅಡುಗೆಮನೆ ಕಟ್ಟೆಗೆ ಒರಗಿಕೊಂಡು, ಕೈಯಲ್ಲಿ ಸೌಟು ಹಿಡಿದೇ ಕೇಳಿದರು. ಗಂಪ್ ಸತ್ತದ್ದನ್ನು ಹೇಳಿದಾಗ "ಅಯ್ಯೋ ಪಾಪ, ಒಂದೇ ಒಂದಾ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೇಲಿ ಇದ್ದಾವೆ ಮಾರಾಯ್ತಿ. ಬಚ್ಚಲ ಹಿಂದೆ ನಾನು ನೋಡಿದ್ದೆ" ಎಂದರು. ಯಾವಾಗ ಎಂದು ಕೇಳಿದೆ. ಉತ್ತರ ಬರಲಿಲ್ಲ. ನನ್ನ ಹಾಗೇ ಅವರೂ ನೆನಪಿನಲ್ಲಿ ತಡಕಾಡುವುದು ಮುಖದಲ್ಲಿ ಕಾಣುತ್ತಿತ್ತು.

ನಮ್ಮನೆ ಅಡುಗೆಮನೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಗ್ಯಾಸ್ ಬಂದ ದಿನ, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಕೆಲಸಕ್ಕೆ ಬಂದವರ ಹಾಜರಿ, ಹಸು ಬೆದೆಗೆ ಬಂದದ್ದು, ಎಲ್ಲವನ್ನೂ ಅಮ್ಮ ಅದರ ಪುಟ್ಟ ಚೌಕಗಳಲ್ಲಿ ಬರೆಯುತ್ತಾರೆ. ಮೂವತ್ತು ವರ್ಷದ ಕ್ಯಾಲೆಂಡರುಗಳು ಸುರುಳಿ ಸುತ್ತಿ ಅಟ್ಟದ ಮೇಲಿವೆ. ನನ್ನ ಮೊದಲ ಜ್ವರದಿಂದ ಹಿಡಿದು ಅಜ್ಜಿ ಕೊನೆಯುಸಿರೆಳೆದ ಹೊತ್ತಿನವರೆಗೆ ಎಲ್ಲವೂ ಅವುಗಳಲ್ಲಿ ಸಿಗುತ್ತದೆ. ಹಾವುರಾಣಿ ಒಂದು ಚೌಕದಲ್ಲೂ ಇಲ್ಲ. ಇನ್ನು ಮೇಲೆ ಕಂಡ ದಿನ ಬರೆದಿಡು ಎಂದು ಹೇಳಿ ಬಸ್ಸು ಹತ್ತಿದೆ. ಅವರು ಬರೆಯುತ್ತಾರೆಂದು ನಾನು ನೆಚ್ಚಿರಲಿಲ್ಲ.

ಮೇ ತಿಂಗಳು ಮುಗಿದ ದಿನ ಅಕ್ಕ ಅಮ್ಮನ ಕ್ಯಾಲೆಂಡರಿನ ಫೋಟೋ ತೆಗೆದು ಕಳಿಸಿದಳು. ಬೆರಳಿಂದ ಹಿಗ್ಗಿಸಿ ಒಂದೊಂದೇ ಚೌಕ ನೋಡುತ್ತ ಬಂದೆ. ಮೊದಲ ವಾರದಲ್ಲಿ ಬರೀ ಹಾಲು. ಹನ್ನೊಂದನೆಯ ತಾರೀಕಿನ ಚೌಕದಲ್ಲಿ ಹಾಲಿನ ಲೆಕ್ಕದ ಕೆಳಗೆ, ಜಾಗ ಸಾಲದೆ ಅಂಚಿಗೆ ತಿರುಗಿಸಿ ಬರೆದಿದ್ದರು: 'ಹಾ.ರಾಣಿ 1, ಬಚ್ಚಲ ಹಿಂದೆ.' ಇಪ್ಪತ್ಮೂರರಲ್ಲಿ ಮತ್ತೊಂದು, ಇದು ಅಕ್ಕನ ಮಗಳ ದುಂಡು ಅಕ್ಷರ: 'ಹಾವುರಾಣಿ 2. ಒಂದಕ್ಕೆ ಬಾಲ ಗಿಡ್ಡ, ಈಗ ಬರ್ತಾ ಇದೆ.'